ಸಣ್ಣ ಸಾಕುಪ್ರಾಣಿಗಳ ವಸತಿ: ಸವಳಂಗ ಸೀಮೆ

ಮನೆಯೊಳಗೋ ಹಿತ್ತಿಲಲ್ಲೋ ಸಾಕುವ ಕೋಳಿ, ಮೊಲ, ಪಾರಿವಾಳ, ಗಿನಿಪಿಗ್, ಪಂಜರದ ಹಕ್ಕಿ, ಬೆಕ್ಕು, ತೊಟ್ಟಿಯ ಮೀನು ಇವುಗಳಿಗೆ ಮಾಡಿಕೊಡುವ ಗೂಡು, ಪಂಜರ, ಆವರಣಗಳ ಏರ್ಪಾಡು. ದನ, ಕುರಿ, ನಾಯಿಗಳ ವಸತಿಯನ್ನು ಇಲ್ಲಿ ಎತ್ತಿಕೊಂಡಿಲ್ಲ. ದಾವಣಗೆರೆ ಜಿಲ್ಲೆ ನ್ಯಾಮತಿ ತಾಲ್ಲೂಕಿನ ಸವಳಂಗವನ್ನು ನಡುವಿಟ್ಟುಕೊಂಡು, ಸುತ್ತಲಿನ ಹೊನ್ನಾಳಿ, ಚನ್ನಗಿರಿ, ಜಗಳೂರು ಸೀಮೆಗೆ ಹೊಂದುವ ವಿವರಗಳನ್ನಷ್ಟೇ ಕೊಡಲಾಗಿದೆ. ಪ್ರಾಣಿ ಯಾವ ದೇಶದ್ದೇ ಇರಲಿ, ಗೂಡು ನಿಲ್ಲುವುದು ಇಲ್ಲಿನ ಬಿಸಿಲಿನಲ್ಲಿ. ಹೊರದೇಶದ ಕೈಪಿಡಿಗಳು ಚಳಿಯನ್ನು ಮುಂದಿಟ್ಟುಕೊಂಡು ಬರೆದವು. ಈ ಸೀಮೆಯಲ್ಲಿ ಸಾಕುಪ್ರಾಣಿಯನ್ನು ಕೊಲ್ಲುವುದು ಹೆಚ್ಚಾಗಿ ಸೆಕೆ, ತೇವ ಮತ್ತು ಮುಂಗುಸಿ.

ಸವಳಂಗ ಶಿವಮೊಗ್ಗ-ಶಿಕಾರಿಪುರ ರಸ್ತೆಯಲ್ಲಿ, ಶಿವಮೊಗ್ಗದಿಂದ ಸುಮಾರು 25 ಕಿ.ಮೀ. ದೂರದ ಊರು. ನ್ಯಾಮತಿ, ಹೊನ್ನಾಳಿ ಕಡೆಯ ದಾರಿ ಇಲ್ಲಿಂದ ಕವಲಾಗುತ್ತದೆ. ಪಶ್ಚಿಮಕ್ಕೆ ಮಲೆನಾಡು, ಪೂರ್ವಕ್ಕೆ ಬಯಲುಸೀಮೆ. ಊರು ನಡುವಣ ಅರೆಮಲೆನಾಡಿನಲ್ಲಿದೆ. ಹಿಂದೆ ಶಿವಮೊಗ್ಗ ಜಿಲ್ಲೆಯಲ್ಲಿದ್ದ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳೂ ಚಿತ್ರದುರ್ಗದ ಜಗಳೂರೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದವು. ಜಿಲ್ಲೆ ಒಂದಾದರೂ ಹವೆ ಒಂದಲ್ಲ. ಸವಳಂಗದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೂಡಿನ ನೆಲ ಒಣಗುವುದೇ ಕಷ್ಟ. ಭದ್ರಾ ನಾಲೆಯ ನೀರುಂಡು ಅಡಿಕೆ ತೋಟವಾದ ಚನ್ನಗಿರಿಯಲ್ಲಿ ತಂಪಿದ್ದರೂ ಗಾಳಿ ಆಡುವುದು ಕಡಿಮೆ. ಜಗಳೂರಿನ ಬೇಸಿಗೆಯಲ್ಲಿ ತಗಡಿನ ಕೆಳಗೆ ಮೊಲ ಒಂದು ಮಧ್ಯಾಹ್ನ ದಾಟುವುದೂ ಅನುಮಾನ. ಹಾಗಾಗಿ ಒಂದೇ ನಕ್ಷೆ ಎಲ್ಲ ಊರಿಗೂ ಆಗುವುದಿಲ್ಲ.

ಹಳೆಯ ಮನೆ, ಹೊಸ ಮನೆ

ಪ್ರಾಣಿಗಳನ್ನು ವಿನೋದಕ್ಕಾಗಿ ಸಾಕುವ ವಿಷಯ ಕನ್ನಡ ನಾಡಿನ ಅರಮನೆಗಳಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಕೋಳಿ, ಲಾವುಗೆ, ಪಾರಿವಾಳಗಳ ವಿನೋದಕ್ಕೆ ಬೇರೆ ಬೇರೆ ಭಾಗಗಳೇ ಇವೆ. ರೈತನ ಮನೆಯಲ್ಲಿ ಮಾತ್ರ ಸಣ್ಣ ಪ್ರಾಣಿಗೆಂದು ಯಾರೂ ಬೇರೆ ಕಟ್ಟಡ ಕಟ್ಟುತ್ತಿರಲಿಲ್ಲ, ಕಟ್ಟುವ ಅಗತ್ಯವೂ ಇರಲಿಲ್ಲ. ಮಣ್ಣಿನ ಗೋಡೆ, ನಾಡಹೆಂಚು, ಕೊಟ್ಟಿಗೆ, ಹಿತ್ತಿಲು, ಹುಲ್ಲಿನ ಬಣವೆ ಇವೇ ಅವುಗಳ ಮನೆ. ಕೋಳಿ ಕೊಟ್ಟಿಗೆಯ ಅಡ್ಡದ ಮೇಲೆ ಕೂರುತ್ತಿತ್ತು, ದನದ ಮೈಯ ಉಣ್ಣೆ ಹೆಕ್ಕುತ್ತಿತ್ತು. ಸೂರಿನ ಕೆಳಗೆ ಕಟ್ಟಿದ ಮಡಕೆಯಲ್ಲಿ ಪಾರಿವಾಳ. ಅಟ್ಟದಲ್ಲಿ ಇಲಿ, ಇಲಿಯ ಹಿಂದೆ ಬೆಕ್ಕು. ಮಣ್ಣಿನ ಗೋಡೆ ಹಗಲಿನ ಕಾವನ್ನು ತಡೆಯುತ್ತಿತ್ತು, ಹೆಂಚಿನ ಸಂದು ಬಿಸಿಗಾಳಿಯನ್ನು ಹೊರಗೆ ಬಿಡುತ್ತಿತ್ತು.

ಆರ್‌ಸಿಸಿ ಮನೆ ಬಂದಾಗ ಕೊಟ್ಟಿಗೆ ಹೋಯಿತು, ಹಿತ್ತಿಲಿಗೆ ಸಿಮೆಂಟು ಬಿತ್ತು. ಸಾಕುವ ಆಸೆ ಮಾತ್ರ ಉಳಿಯಿತು. ಶಿವಮೊಗ್ಗದ ಅಂಗಡಿಯಿಂದ ಬಂದ ಬಿಳಿ ಮೊಲ ಈಗ ತಾರಸಿಯ ಮೇಲೆ ಸಿಮೆಂಟ್ ಶೀಟಿನ ಕೆಳಗೆ ಕೂರುತ್ತದೆ. ಹಳೆಯ ಮನೆ ಕೇಳದೆಯೇ ಕೊಡುತ್ತಿದ್ದ ನೆರಳು, ಗಾಳಿ, ಮಣ್ಣುಗಳನ್ನು ಈಗ ಲೆಕ್ಕ ಹಾಕಿ ಮಾಡಿಕೊಡಬೇಕಾಗಿದೆ.

ಜಾಗ, ಚಾವಣಿ, ನೆಲ

ಹೊರಗಿನ ಗೂಡಿನ ಬೆನ್ನು ಪಶ್ಚಿಮ ಅಥವಾ ನೈಋತ್ಯಕ್ಕಿರಬೇಕು. ಮುಂಗಾರಿನ ಇರಚಲು ಆ ಕಡೆಯಿಂದಲೇ ಹೊಡೆಯುತ್ತದೆ, ಮಧ್ಯಾಹ್ನದ ಉರಿಬಿಸಿಲೂ ಆ ಕಡೆಯದೇ. ಬಾಯಿ ಪೂರ್ವಕ್ಕಿದ್ದರೆ ಬೆಳಗಿನ ಎಳೆಬಿಸಿಲು ಒಳಗೆ ಬಿದ್ದು ನೆಲ ಒಣಗುತ್ತದೆ. ಮಾವು, ಹೊಂಗೆ, ಬೇವಿನಂಥ ಮರದ ನೆರಳು ಯಾವ ಚಾವಣಿಗಿಂತಲೂ ಮೇಲು. ತೆಂಗಿನ ಮರದ ಬುಡ ಬೇಡ. ಕಾಯಿ, ಗರಿ ಬಿದ್ದರೆ ಗೂಡು ನುಚ್ಚು.

ಚಾವಣಿಗೆ ತಗಡು ಅಗ್ಗ, ಆದರೆ ಬೇಸಿಗೆಯಲ್ಲಿ ಅದು ಕಾದ ಹೆಂಚು. ತಗಡನ್ನೇ ಹಾಕುವುದಾದರೆ ಅದರ ಮೇಲೆ ಅಡಿಕೆ ಸೋಗೆಯನ್ನೋ ತೆಂಗಿನ ಗರಿಯನ್ನೋ ದಪ್ಪನಾಗಿ ಹೊದಿಸಬೇಕು. ಸುಣ್ಣ ಬಳಿದರೂ ಕಾವು ಸ್ವಲ್ಪ ಇಳಿಯುತ್ತದೆ. ಚಾವಣಿಗೂ ಗೋಡೆಗೂ ನಡುವೆ ಗೇಣಗಲ ಜಾಗ ಬಿಟ್ಟು ಜಾಲರಿ ಬಡಿದರೆ ಬಿಸಿಗಾಳಿ ಮೇಲಿನಿಂದ ಹೊರಟುಹೋಗುತ್ತದೆ. ಮುಂಚಾಚು ಒಂದೂವರೆ ಅಡಿಯಾದರೂ ಇರಲಿ. ಚನ್ನಗಿರಿ ಕಡೆ ಸುಲಭವಾಗಿ ಸಿಗುವ ಅಡಿಕೆ ದಬ್ಬೆ ಗೂಡಿನ ಗೋಡೆಗೂ ಅಟ್ಟಣಿಗೆಗೂ ಒಳ್ಳೆಯ ವಸ್ತು: ಹಗುರ, ಕಾಯುವುದಿಲ್ಲ, ಹಳೆಯದಾದರೆ ಒಲೆಗೆ ಬರುತ್ತದೆ. ಮಣ್ಣಿಗೆ ತಾಗುವ ಕಡೆ ಮಾತ್ರ ಗೆದ್ದಲು ಹಿಡಿಯುತ್ತದೆ. ಕಾಲುಗಳನ್ನು ಕಲ್ಲಿನ ಮೇಲೆ ನಿಲ್ಲಿಸಬೇಕು.

ನೆಲಕ್ಕೆ ಹಾಸುವ ವಸ್ತುವಿಗೆ ಇಲ್ಲಿ ಬರವಿಲ್ಲ. ಭತ್ತದ ಹೊಟ್ಟು ಕೋಳಿಗೆ ಚೆನ್ನಾಗಿ ಹೊಂದುತ್ತದೆ. ಸಾಮಿಲ್ಲಿನ ಹೊಟ್ಟಿನಲ್ಲಿ ನಯವಾದ ಪುಡಿಯಿದ್ದರೆ ಮೊಲ, ಗಿನಿಪಿಗ್‌ಗಳ ಮೂಗು ಕಟ್ಟುತ್ತದೆ. ಅವಕ್ಕೆ ಒಣಹುಲ್ಲೇ ಸರಿ. ಮುಗ್ಗಲು ಹಿಡಿದ ಹುಲ್ಲನ್ನು ಯಾವ ಪ್ರಾಣಿಯ ಕೆಳಗೂ ಹಾಕಬಾರದು. ಮಳೆಗಾಲದಲ್ಲಿ ಹಾಸು ಒದ್ದೆಯಾಗಿದೆಯೋ ಇಲ್ಲವೋ ತಿಳಿಯಲು ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಪ್ರಾಣಿಯ ಮೂಗಿನ ಎತ್ತರದಲ್ಲಿ ಒಂದು ಉಸಿರು ಎಳೆದುಕೊಂಡರೆ ಸಾಕು. ನಿಂತವರ ಮೂಗಿಗೆ ಬಾರದ ಅಮೋನಿಯಾ ಅಲ್ಲಿ ಕಣ್ಣು ಚುರುಗುಟ್ಟಿಸುತ್ತದೆ.

ಕೋಳಿ

ಸೀಮೆಯ ಅತಿ ಹಳೆಯ, ಅತಿ ಸಾಮಾನ್ಯ ಸಾಕುಹಕ್ಕಿ. ಹಗಲೆಲ್ಲ ಮೇಯುವ ನಾಟಿ ಕೋಳಿಗೆ ಗೂಡು ಬೇಕಾಗುವುದು ರಾತ್ರಿಗೆ, ಮೊಟ್ಟೆಗೆ, ಕಾವಿಗೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ, ಸ್ವರ್ಣಧಾರ ತಳಿಗಳೂ ಹಿತ್ತಿಲಲ್ಲಿ ಮೇಯುವಂಥವೇ. ಆದರೆ ಮೈಭಾರ ಹೆಚ್ಚು. ನಾಟಿ ಹ್ಯಾಟೆಯಂತೆ ಮರ ಏರಿ ಜೀವ ಉಳಿಸಿಕೊಳ್ಳಲಾರವು, ಆದ್ದರಿಂದ ಅವಕ್ಕೆ ಗೂಡು ಇನ್ನಷ್ಟು ಭದ್ರವಾಗಿರಬೇಕು.

ಕೋಳಿ ಕಾಡುಕೋಳಿಯ ವಂಶದ್ದು. ಕತ್ತಲಾದರೆ ಎತ್ತರಕ್ಕೆ ಏರಬೇಕೆನ್ನುವುದು ಅದರ ಹುಟ್ಟುಗುಣ. ಗೂಡಿನೊಳಗೆ ನೆಲದಿಂದ ಎರಡು ಅಡಿ ಮೇಲೆ ಅಂಚು ತೀಡಿದ ಮರದ ಅಡ್ಡ ಹಾಕಬೇಕು, ಪ್ರತಿ ಕೋಳಿಗೆ ಒಂದು ಗೇಣಾದರೂ ಜಾಗ ಬರುವಂತೆ. ಮೊಟ್ಟೆ ಇಡುವ ಬುಟ್ಟಿ ಈ ಅಡ್ಡಕ್ಕಿಂತ ಕೆಳಗಿರಲಿ. ಮೇಲಿದ್ದರೆ ಕೋಳಿಗಳು ಬುಟ್ಟಿಯಲ್ಲೇ ಮಲಗಿ ಮೊಟ್ಟೆಗೆಲ್ಲ ಹಿಕ್ಕೆ ಬಳಿಯುತ್ತವೆ. ನಾಲ್ಕೈದು ಹ್ಯಾಟೆಗಳಿಗೆ ಒಂದು ಬುಟ್ಟಿ ಸಾಕು. ಎರಡಿದ್ದರೂ ಎಲ್ಲವೂ ಒಂದಕ್ಕೇ ಮುಗಿಬೀಳುವುದನ್ನು ಸಾಕಿದವರೆಲ್ಲ ನೋಡಿರುತ್ತಾರೆ.

ಕಾವಿಗೆ ಕೂರಿಸುವ ಕ್ರಮ ಇಲ್ಲಿ ಚೆನ್ನಾಗಿ ಬೇರೂರಿದೆ. ಬುಟ್ಟಿಗೆ ಮರಳೋ ಹೊಟ್ಟೋ ಹಾಕಿ, ಮೇಲೆ ಹುಲ್ಲು ಹಾಸಿ, ಹತ್ತು ಹನ್ನೆರಡು ಮೊಟ್ಟೆ ಇಟ್ಟು, ಮನೆಯ ಕತ್ತಲೆ ಮೂಲೆಯಲ್ಲಿ ಇಡುತ್ತಾರೆ. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಕಬ್ಬಿಣದ ಚೂರು, ಇದ್ದಿಲು ಇಡುವ ರೂಢಿಯೂ ಉಂಟು. ಕಬ್ಬಿಣದಿಂದ ಮೊಟ್ಟೆಗೆ ಲಾಭವಿಲ್ಲ, ನಷ್ಟವೂ ಇಲ್ಲ. ಕತ್ತಲೆ ಮೂಲೆ, ಮರಳು ಮಾತ್ರ ನಿಜವಾಗಿ ಕೆಲಸ ಮಾಡುತ್ತವೆ. 21 ದಿನಕ್ಕೆ ಮರಿ. ಮರಿಗಳ ಮೇಲೆ ಬಿದಿರು ಬುಟ್ಟಿ ಕವುಚುವುದು ಹದ್ದಿನಿಂದ ಕಾಪಾಡುತ್ತದೆ, ಆದರೆ ಬಿಸಿಲಲ್ಲಿ ಬುಟ್ಟಿ ಕವುಚಿಟ್ಟು ಮರೆಯುವುದು ಹದ್ದಿಗಿಂತ ಅಪಾಯ.

ಗೂಡಿನ ರೋಗವೆಂದರೆ ಗೂಡಿನ ಸಂದಿಯ ರೋಗ. ಕೋಳಿಯ ರಕ್ತ ಹೀರುವ ಕೆಂಪು ನುಸಿಯೂ ಕೋಳಿ ಉಣ್ಣೆಯೂ ಹಗಲು ಹಕ್ಕಿಯ ಮೈಮೇಲಿರುವುದಿಲ್ಲ. ಮರದ ಬಿರುಕು, ಗೋಡೆಯ ಸೀಳುಗಳಲ್ಲಿ ಅಡಗಿದ್ದು ರಾತ್ರಿ ಹತ್ತುತ್ತವೆ. ಹಕ್ಕಿಗೆ ಔಷಧಿ ಹೊಡೆದು ಗೂಡನ್ನು ಬಿಟ್ಟರೆ ವಾರದಲ್ಲಿ ಮತ್ತೆ ಅದೇ ಕಥೆ. ಜಗಳೂರಿನಂಥ ಒಣಸೀಮೆಯಲ್ಲಿ ಉಣ್ಣೆಯ ಕಾಟ ಹೆಚ್ಚು. ಗೂಡನ್ನು ಖಾಲಿ ಮಾಡಿ, ಬಿರುಕುಗಳಿಗೆ ಬೆಂಕಿ ತೋರಿಸಿ, ಮುಚ್ಚಿ, ಸುಣ್ಣ ಬಳಿಯುವುದೇ ಹಳೆಯ, ಇಂದಿಗೂ ಸರಿಯಾದ ದಾರಿ. ಮೂಲೆಯಲ್ಲಿ ಬೂದಿ-ಮಣ್ಣಿನ ಗುಂಡಿ ಇದ್ದರೆ ಕೋಳಿ ತಾನೇ ಹೊರಳಾಡಿ ಮೈ ಹಸನು ಮಾಡಿಕೊಳ್ಳುತ್ತದೆ. ಸಂತೆಯಿಂದ ತಂದ ಕೋಳಿಯನ್ನು ಮೊದಲ ಎರಡು ವಾರ ಬೇರೆ ಗೂಡಿನಲ್ಲಿ ಇಡದಿದ್ದರೆ ಕೊಕ್ಕರೆ ರೋಗ ಇಡೀ ಹಿಂಡನ್ನೇ ಒಯ್ಯಬಹುದು. ಅದಕ್ಕೆ ಲಸಿಕೆಯುಂಟು, ಪಶು ಆಸ್ಪತ್ರೆಯಲ್ಲಿ ವಿಚಾರಿಸಬೇಕು.

ಮೊಲ

ಪೇಟೆಯಲ್ಲಿ ಮಾರುವ ಮೊಲಕ್ಕೂ ಮೆಕ್ಕೆಜೋಳದ ಹೊಲದಿಂದ ಚಂಗನೆ ಹಾರುವ ಮೊಲಕ್ಕೂ ಹೆಸರೊಂದೇ, ಸಂಬಂಧ ದೂರದ್ದು. ಸಾಕುಮೊಲದ ಪೂರ್ವಜರು ಯುರೋಪಿನಲ್ಲಿ ಬಿಲ ತೋಡಿ ಗುಂಪಾಗಿ ಬದುಕಿದವರು. ಮರಿಗಳು ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತವೆ. ನಮ್ಮ ಕಾಡುಮೊಲ ಬಿಲ ತೋಡುವುದಿಲ್ಲ. ಹುಲ್ಲಿನ ನಡುವೆ ಮೈ ಅಡಗಿಸಿ ಕೂರುತ್ತದೆ, ಮರಿಗಳು ಕಣ್ಣು ತೆರೆದು ಕೂದಲು ಹೊತ್ತೇ ಹುಟ್ಟುತ್ತವೆ. ಈ ವ್ಯತ್ಯಾಸವೇ ವಸತಿಯ ಪ್ರಶ್ನೆಯನ್ನು ತೀರ್ಮಾನಿಸುತ್ತದೆ. ಸಾಕುಮೊಲಕ್ಕೆ ಅಡಗುವ ಕತ್ತಲೆ ಗೂಡು ಬೇಕೇ ಬೇಕು. ಕಾಡುಮೊಲಕ್ಕೆ ಯಾವ ಗೂಡೂ ಒಗ್ಗುವುದಿಲ್ಲ, ಗಾಬರಿಯಿಂದಲೇ ಸಾಯುತ್ತದೆ. ಜೋಳದ ಕಟಾವಿನಲ್ಲಿ ಮರಿ ಸಿಕ್ಕಿತೆಂದು ಮಕ್ಕಳು ಎತ್ತಿಕೊಂಡು ಬರುವುದುಂಟು. ಆ ಮರಿ ಅನಾಥವಲ್ಲ. ತಾಯಿ ಹಗಲು ದೂರವಿದ್ದು, ಹೊತ್ತು ಮುಳುಗಿದ ಮೇಲೆ ಬಂದು ಹಾಲು ಕೊಟ್ಟು ಹೋಗುವುದೇ ಅದರ ಕ್ರಮ. ಸಿಕ್ಕಿದ ಬದುವಿನ ಪಕ್ಕದಲ್ಲೇ ಬಿಟ್ಟು ಬರುವುದು ಸರಿ; ಮನೆಗೆ ತರುವುದು ಕಾನೂನಿಗೂ ವಿರುದ್ಧ.

ಮಾಂಸಕ್ಕೆ ಸಾಕುವವರು ಬಳಸುವ ತಂತಿ ಪಂಜರವನ್ನೇ ಪ್ರೀತಿಗೆ ಸಾಕುವವರೂ ಕೊಳ್ಳುತ್ತಾರೆ. ಎರಡು ಮೂರು ಅಡಿ ಉದ್ದದ ಆ ಪೆಟ್ಟಿಗೆ ಹಿಕ್ಕೆ ಕೆಳಗೆ ಬೀಳಲಿ ಎಂಬ ಅನುಕೂಲಕ್ಕೆ ಮಾಡಿದ್ದು. ಮೊಲದ ಅಂಗಾಲಿನಲ್ಲಿ ನಾಯಿ-ಬೆಕ್ಕಿನಂತೆ ಮೆತ್ತೆಯಿಲ್ಲ, ಬರೀ ಕೂದಲು. ತಂತಿಯ ಮೇಲೆ ವರ್ಷಗಟ್ಟಲೆ ಕೂತರೆ ಹಿಂಗಾಲಿನ ಹಿಮ್ಮಡಿ ಹುಣ್ಣಾಗುತ್ತದೆ. ತಂತಿಯ ನೆಲ ಬಿಡಲಾಗದಿದ್ದರೆ ಅರ್ಧ ಭಾಗಕ್ಕೆ ಹಲಗೆ ಹಾಸಿ ಮೇಲೆ ಹುಲ್ಲು ಹಾಕಬೇಕು. ಬ್ರಿಟನ್ನಿನ ಮೊಲ ಕ್ಷೇಮ ಸಂಸ್ಥೆ ಒಂದು ಜೋಡಿಗೆ ಹೇಳುವ ಕನಿಷ್ಠ ಜಾಗ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರ. ಇದನ್ನು ಕೇಳಿ ಇಲ್ಲಿ ನಗುವವರಿದ್ದಾರೆ, ಆದರೆ ಹತ್ತು ಅಡಿಗೆ ಆರು ಅಡಿ ಜಾಗ ಹಿತ್ತಿಲಿರುವ ಯಾವ ಹಳ್ಳಿಮನೆಗೂ ದೊಡ್ಡ ಮಾತಲ್ಲ. ಕಷ್ಟವಿರುವುದು ಪೇಟೆಯ ಬಾಡಿಗೆ ಮನೆಗೆ. ಅಲ್ಲಿ ರಾತ್ರಿ ಪಂಜರ, ಹಗಲು ಒಂದು ಕೋಣೆ ಬಿಟ್ಟುಕೊಡುವುದು ನ್ಯಾಯವಾದ ಒಪ್ಪಂದ. ಕರೆಂಟಿನ ವೈರುಗಳನ್ನು ಮಾತ್ರ ಎತ್ತರಕ್ಕೆ ಕಟ್ಟಬೇಕು, ಸಿಕ್ಕಿದ್ದನ್ನು ಕಡಿಯದೆ ಮೊಲ ಇರಲಾರದು. ಅದರ ಹಲ್ಲು ಬದುಕಿರುವಷ್ಟು ಕಾಲವೂ ಬೆಳೆಯುತ್ತಿರುತ್ತದೆ.

ಸೆಕೆಯೇ ಮೊಲದ ದೊಡ್ಡ ಶತ್ರು. ಮೊಲ ಬೆವರುವುದಿಲ್ಲ, ಮೈಯ ಕಾವನ್ನು ಹೆಚ್ಚಾಗಿ ಕಿವಿಗಳ ರಕ್ತನಾಳಗಳಿಂದ ಹೊರಹಾಕುತ್ತದೆ. ಗಾಳಿಯೇ 30 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ ಶುರು. 35 ದಾಟಿ ಗಾಳಿಯಾಡದಿದ್ದರೆ ಸಾವು. ಏಪ್ರಿಲ್-ಮೇ ತಿಂಗಳಲ್ಲಿ ದಾವಣಗೆರೆ ಕಡೆ ಮಧ್ಯಾಹ್ನ 38 ಡಿಗ್ರಿ ಮುಟ್ಟುವುದು ಸಾಮಾನ್ಯ. ಇಲ್ಲಿ ಅತ್ಯುತ್ತಮ ಉಪಾಯ ಮೊಲದ ಪೂರ್ವಜರದ್ದೇ: ನೆಲದೊಳಗೆ ಹೋಗುವುದು. ದೊಡ್ಡ ಮಣ್ಣಿನ ಹರವಿಯನ್ನು ಅಡ್ಡ ಮಲಗಿಸಿ, ಬಾಯಿ ಮಾತ್ರ ಕಾಣುವಂತೆ ಮಣ್ಣು ಮುಚ್ಚಿ, ಆ ಮಣ್ಣಿಗೆ ದಿನಕ್ಕೊಮ್ಮೆ ನೀರು ಚಿಮುಕಿಸಿದರೆ ಒಳಗೆ ತಂಪು ನಿಲ್ಲುತ್ತದೆ. ಪಂಜರದ ಮೊಲಕ್ಕೆ ಪಕ್ಕದಲ್ಲಿ ಒದ್ದೆ ಗೋಣಿತಾಟು ಇಳಿಬಿಡಬಹುದು, ಗಾಳಿ ಆಡುವಂತಿದ್ದರೆ ಮಾತ್ರ. ಎಲ್ಲ ಕಡೆ ತಾಟು ಸುತ್ತಿ ಮುಚ್ಚಿದರೆ ಒಳಗೆ ಹಬೆಯಾಗಿ ಇನ್ನೂ ಕೆಡುಕು. ಐಸ್ ಮಾಡಿದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಇಟ್ಟರೆ ಮೊಲ ತಾನೇ ಬಂದು ಒರಗುತ್ತದೆ.

ಗಂಡು ಹೆಣ್ಣು ಗೊತ್ತಾಗದೆ ತಂದ ಜೋಡಿ ಬಲುಬೇಗ ಹಿಂಡಾಗುತ್ತದೆ. ಗರ್ಭ ಸುಮಾರು 31 ದಿನ. ಮರಿ ಹಾಕುವ ಮುನ್ನ ತಾಯಿ ಎದೆಯ ಕೂದಲು ಕಿತ್ತು ಹಾಸುವುದಕ್ಕೆ ಮುಚ್ಚಿದ ಪೆಟ್ಟಿಗೆ ಬೇಕು. ಈ ಸಮಯಕ್ಕೆ ಕಾಯುವ ಶತ್ರು ಕೆಂಪಿರುವೆ, ಬರಿಮೈಯ ಮರಿಗಳನ್ನು ಒಂದೇ ರಾತ್ರಿಯಲ್ಲಿ ಮುಗಿಸುತ್ತದೆ. ಪಂಜರದ ನಾಲ್ಕು ಕಾಲನ್ನೂ ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸುವುದು ಇದಕ್ಕೆ ಪರಿಹಾರ. ತೋಟದ ಹುಲ್ಲು ಮೊಲಕ್ಕೆ ಒಳ್ಳೆಯದು, ಕಳೆನಾಶಕ ಹೊಡೆದಿಲ್ಲವೆಂದು ಖಾತ್ರಿ ಇದ್ದರೆ.

ಶತ್ರುಗಳು

ಷಟ್ಕೋನದ ಕೋಳಿ ಜಾಲರಿ ಕೋಳಿಯನ್ನು ಒಳಗೆ ಹಿಡಿದಿಡುತ್ತದೆಯೇ ಹೊರತು ನಾಯಿಯನ್ನೋ ಕಾಡುಬೆಕ್ಕನ್ನೋ ಹೊರಗೆ ಹಿಡಿದಿಡುವುದಿಲ್ಲ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ದುಬಾರಿಯಾದರೂ ಅದೇ ಬೇಕು. ಮುಂಗುಸಿ, ಹೆಗ್ಗಣ ನೆಲ ತೋಡಿ ಬರುತ್ತವೆ. ಜಾಲರಿಯನ್ನು ಒಂದು ಅಡಿ ನೆಲದೊಳಗೆ ಇಳಿಸಬೇಕು, ಇಲ್ಲವೇ ಹೊರಮುಖವಾಗಿ ಹಾಸಿ ಮೇಲೆ ಚಪ್ಪಡಿ ಇಡಬೇಕು. ಪುನುಗಿನ ಬೆಕ್ಕು ಮೇಲಿನಿಂದ ಇಳಿಯುತ್ತದೆ, ಆದ್ದರಿಂದ ಮಾಡೂ ಭದ್ರವಿರಲಿ. ಹಾವು ಬರುವುದು ಹೆಚ್ಚಾಗಿ ಇಲಿಯ ಜಾಡು ಹಿಡಿದು. ಚೆಲ್ಲಿದ ನುಚ್ಚು, ಜೋಳವನ್ನು ಸಂಜೆಯೇ ಗುಡಿಸಿ, ಆಹಾರವನ್ನು ಮುಚ್ಚಳವಿರುವ ಡಬ್ಬಿಯಲ್ಲಿಟ್ಟರೆ ಅರ್ಧ ಭಯ ಹೋಗುತ್ತದೆ. ಮೀನಿನ ಬಲೆಯಂಥ ನೈಲಾನ್ ಬಲೆ ಸುತ್ತಬಾರದು. ಹಾವು ಅದರಲ್ಲಿ ಸಿಕ್ಕಿಕೊಂಡು ಸಾಯುತ್ತದೆ, ಬಿಡಿಸಲು ಹೋದವರಿಗೂ ಅಪಾಯ.

ಮನೆಯೊಳಗೆ

ಗಿನಿಪಿಗ್ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲಿನ ಪ್ರಾಣಿ. ಸೆಕೆಯನ್ನೂ ಥಂಡಿಯನ್ನೂ ತಡೆಯದು, ಒಳಮನೆಯೇ ಸರಿ. ನೆಗೆಯಲು, ಹತ್ತಲು ಬಾರದು, ಹಾಗಾಗಿ ಎತ್ತರಕ್ಕಿಂತ ಅಗಲ ಮುಖ್ಯ: ಎರಡಕ್ಕೆ ಏಳೆಂಟು ಚದರಡಿ ನೆಲ, ಎರಡು ಬಾಗಿಲಿನ ಎರಡು ಅಡಗುತಾಣ. ಒಂದನ್ನೇ ಸಾಕುವುದು ಕ್ರೌರ್ಯ. ಮನುಷ್ಯರಂತೆ ಇದಕ್ಕೂ ಸಿ ಜೀವಸತ್ವವನ್ನು ಮೈಯೊಳಗೆ ಮಾಡಿಕೊಳ್ಳಲಾಗದು. ಪೇರಲೆಯ ಚೂರು, ನೆಲ್ಲಿಕಾಯಿ ಕೊಡಬೇಕು.

ಲವ್ ಬರ್ಡ್ಸ್ ಎಂದು ಸಂತೆಯಲ್ಲಿ ಮಾರುವ ಹಕ್ಕಿಗಳು ಹೆಚ್ಚಾಗಿ ಆಸ್ಟ್ರೇಲಿಯಾ ಮೂಲದ ಬಜ್ಜಿಗಳು. ಅಂಗಡಿಯವರು ಕೊಡುವ ಗುಂಡು ಪಂಜರ ನೋಡಲು ಚಂದ, ಹಾರಲು ಬಾರದು. ಹಕ್ಕಿ ಅಡ್ಡಡ್ಡ ಹಾರುತ್ತದೆ, ಆದ್ದರಿಂದ ಉದ್ದದ ಪಂಜರ ಬೇಕು. ಸರಳುಗಳ ನಡುವೆ 12 ಮಿ.ಮೀ.ಗಿಂತ ಹೆಚ್ಚು ಸಂದಿರಬಾರದು. ಕೂರಲು ಒಂದೇ ದಪ್ಪದ ಪ್ಲಾಸ್ಟಿಕ್ ಕೋಲಿನ ಬದಲು ಪೇರಲೆಯದೋ ಬೇವಿನದೋ ಕೊಂಬೆ ಕಟ್ಟಿದರೆ ಕಾಲಿಗೆ ಹಿತ. ಪಕ್ಕಕ್ಕೆ ತೂತಿರುವ ಮಡಕೆ ನೇತುಹಾಕಿದರೆ ಮೊಟ್ಟೆ ಇಡತೊಡಗುತ್ತವೆ. ಮರಿ ಬೇಡವಾದರೆ ಮಡಕೆಯೂ ಬೇಡ. ಪಂಜರವನ್ನು ಅಡುಗೆಮನೆಯಲ್ಲಂತೂ ಇಡಬಾರದು. ನಾನ್‌ಸ್ಟಿಕ್ ಬಾಣಲೆ ಹೊತ್ತಿದರೆ ಏಳುವ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ. ಊದುಬತ್ತಿ, ಸೊಳ್ಳೆಬತ್ತಿಯ ಹೊಗೆಯೂ ಒಳ್ಳೆಯದಲ್ಲ.

ಬೆಕ್ಕಿಗೆ ಮನೆ ಕಟ್ಟಬೇಕಿಲ್ಲ, ದಾರಿ ಬಿಡಬೇಕು: ಕಿಟಕಿಯಲ್ಲೊಂದು ಕಂಡಿ, ಕಪಾಟಿನ ಮೇಲೊಂದು ಜಾಗ, ಊಟದ ತಟ್ಟೆಯಿಂದ ದೂರದಲ್ಲಿ ಮರಳಿನ ತಟ್ಟೆ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎನ್ನುತ್ತಾರೆ. ಜನ ಪದೇಪದೇ ಇಣುಕಿದ ಕಡೆ ಅದಕ್ಕೆ ನಂಬಿಕೆ ಹೋಗುವುದೇ ಅದರ ಕಾರಣ. ಮಂಚದಡಿ ಬಾಯಿ ಚಿಕ್ಕದಾದ ರಟ್ಟಿನ ಪೆಟ್ಟಿಗೆ ಇಟ್ಟು ಯಾರೂ ನೋಡದೆ ಬಿಟ್ಟರೆ ಸುತ್ತಾಟ ಕಡಿಮೆಯಾಗುತ್ತದೆ. ನಾಯಿಯ ಉಣ್ಣೆಗೆ ಹಾಕುವ ಪರ್ಮೆಥ್ರಿನ್ ಔಷಧಿ ಬೆಕ್ಕಿಗೆ ವಿಷ.

ಮೀನಿಗೆ ಗಾಜಿನ ಗುಂಡು ಬೋಗುಣಿ ಮನೆಯಲ್ಲ. ಗೋಲ್ಡ್ ಫಿಶ್ ಗೇಣುದ್ದ ಬೆಳೆಯುವ ಮೀನು. ಬೋಗುಣಿಯಲ್ಲಿ ಅದು ತನ್ನದೇ ಕಸದ ಅಮೋನಿಯಾದಲ್ಲಿ ಉಸಿರುಗಟ್ಟುತ್ತದೆ. ತೊಟ್ಟಿಯ ನೀರನ್ನು ಪೂರಾ ಚೆಲ್ಲಿ ತೊಳೆಯುವುದೂ ತಪ್ಪೇ, ಕಸವನ್ನು ಅರಗಿಸುವ ಬ್ಯಾಕ್ಟೀರಿಯಾ ಅದರೊಂದಿಗೆ ಹೋಗಿಬಿಡುತ್ತದೆ. ವಾರಕ್ಕೆ ಕಾಲು ಭಾಗ ಬದಲಿಸಿದರೆ ಸಾಕು. ಹೊರಗೆ ಸಿಮೆಂಟ್ ತೊಟ್ಟಿಯಲ್ಲಿ ಗಪ್ಪಿ ಬಿಟ್ಟರೆ ಸೊಳ್ಳೆಮರಿ ತಿನ್ನುತ್ತದೆ. ಆದರೆ ಸಾಕಿ ಬೇಜಾರಾದ ಮೀನು, ಆಮೆಗಳನ್ನು ಸವಳಂಗದ ಕೆರೆಗೋ ಚನ್ನಗಿರಿಯ ಸೂಳೆಕೆರೆಗೋ ತುಂಗಭದ್ರೆಗೋ ಬಿಡುವುದು ಪುಣ್ಯದ ಕೆಲಸವಲ್ಲ. ತೊಟ್ಟಿಯ ಗಾಜು ಸ್ವಚ್ಛ ಮಾಡಲೆಂದು ಕೊಳ್ಳುವ ಸಕ್ಕರ್ ಮೀನು, ಕೆನ್ನೆಯ ಮೇಲೆ ಕೆಂಪು ಗೆರೆಯ ಅಮೆರಿಕದ ಆಮೆ, ಎರಡೂ ಭಾರತದ ಕೆರೆಗಳಲ್ಲಿ ನೆಲೆಯೂರಿ ನಾಡಿನ ಜಲಚರಗಳ ಜಾಗ ಕಬಳಿಸುತ್ತಿವೆ.

ಪಾರಿವಾಳ

ಒಂದು ಜೋಡಿಗೆ ಅಡಿಗೊಂದು ಅಡಿಯ ಎರಡು ಗೂಡು ಕೊಡಬೇಕು. ಮೊದಲ ಮರಿಗಳು ಹಾರುವ ಮೊದಲೇ ಹೆಣ್ಣು ಇನ್ನೆರಡು ಮೊಟ್ಟೆ ಇಡುತ್ತದೆ. ಹಿಕ್ಕೆಯ ಧೂಳು ಶ್ವಾಸಕೋಶದ ರೋಗ ತರುವುದರಿಂದ ಗೂಡು ಮಲಗುವ ಕೋಣೆಯ ಕಿಟಕಿಗೆ ಹತ್ತಿರವಿರಬಾರದು, ಕೆರೆಯುವ ಮುನ್ನ ನೀರು ಚಿಮುಕಿಸಬೇಕು.

ಕಾನೂನು

ಅಲುಗಾಡಲು ಸಾಕಷ್ಟು ಉದ್ದ, ಅಗಲ, ಎತ್ತರವಿಲ್ಲದ ಪಂಜರದಲ್ಲಿ ಪ್ರಾಣಿಯನ್ನು ಇಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಂತೆ ಅಪರಾಧ. ಸಾಕುಪ್ರಾಣಿ ಮಾರುವ ಅಂಗಡಿಗಳು 2018ರ ನಿಯಮಗಳಂತೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಇದಕ್ಕಿಂತ ಹೆಚ್ಚಾಗಿ ಜನ ಮೀರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು. ಹಸಿರು ಗಿಣಿ, ಮೈನಾ, ಮುನಿಯ, ನಕ್ಷತ್ರ ಆಮೆ, ಕಾಡುಮೊಲ, ಮುಂಗುಸಿ ಇವನ್ನು ಎಷ್ಟೇ ಅಗಲದ ಪಂಜರದಲ್ಲಿಟ್ಟರೂ ಸಾಕುವಂತಿಲ್ಲ. ಜಾತ್ರೆಯಲ್ಲಿ ಗಿಣಿಶಾಸ್ತ್ರದವರ ಪೆಟ್ಟಿಗೆಯ ಗಿಣಿಯೂ ಇದೇ ಪಟ್ಟಿಯದು. ಬಜ್ಜಿ, ಕಾಕಟೀಲ್‌ಗಳಿಗೆ ಈ ತೊಡಕಿಲ್ಲ. ಆಫ್ರಿಕಾದ ಬೂದು ಗಿಣಿ, ಮಕಾವ್‌ಗಳಂಥ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಜೀವಿಗಳನ್ನು ಸಾಕುವವರು 2022ರ ತಿದ್ದುಪಡಿ, 2024ರ ನಿಯಮಗಳ ಪ್ರಕಾರ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು. ಗಾಯಗೊಂಡ ಕಾಡುಹಕ್ಕಿ ಅಥವಾ ಆಮೆ ಸಿಕ್ಕಿದಾಗ ಗಾಳಿಯಾಡುವ ತೂತಿರುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಕತ್ತಲೆ ಮಾಡಿ, ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ತಲುಪಿಸಬಹುದು.